ಈ ತೂಕ ನಾನೇ ಬೇಕಂತ ಏರಿಸಿಕೊಂಡಿದ್ದು

ಹೋದ ಭಾನುವಾರ ನನ್ನನ್ನು ತೂಗಿದರು. ಆಸ್ಪತ್ರೆಯಲ್ಲಲ್ಲ. ದಿಬ್ಬೂರಹಳ್ಳಿ ಹತ್ತಿರ ನನ್ನ ನಾದಿನಿಯ ಮನೆಯ ಅಂಗಳದಲ್ಲಿ, ರೇಷ್ಮೆಗೂಡು ತೂಗುವ ತಕ್ಕಡಿಯ ಮೇಲೆ, ಊರವರ ಎದುರಿಗೆ.

ಎಷ್ಟು ಬಂತು ಅಂತ ಕೇಳ್ತೀರಾ? ಹೇಳುವುದಿಲ್ಲ. (ನಿಮಗೂ ಅದೇ ಕುತೂಹಲ ಅಲ್ಲವೇ?)

ಮೊದಲಿನಿಂದ ಹೇಳುತ್ತೇನೆ. ನಾನು ಹುಟ್ಟಾ ಸಣಕಲಿ. ಚಿಕ್ಕಬಳ್ಳಾಪುರದ ಕಾಲೇಜಿಗೆ ಪಾಠ ಮಾಡಲು ಸೇರಿದ ಹೊಸದರಲ್ಲಿ ಅಟೆಂಡರ್ ನನ್ನನ್ನು ಸ್ಟೂಡೆಂಟ್ ಅಂದುಕೊಂಡು ಗೇಟಿನಲ್ಲೇ ತಡೆದಿದ್ದ. "ಜೋರಾಗಿ ಗಾಳಿ ಬಂದ್ರೆ ಹಾರೋಗ್ತೀಯ ಕಣಮ್ಮ" ಎಂಬ ಜೋಕನ್ನು ಪ್ರತಿಯೊಬ್ಬರೂ ತಾವೇ ಕಂಡುಹಿಡಿದವರಂತೆ ಹೇಳುತ್ತಿದ್ದರು. ನಾನು ನಗುತ್ತಿದ್ದೆ. ದಪ್ಪಗಿರುವವರಿಗೆ ಅನ್ನುವಾಗಲಾದರೂ ಕೆಲವರು ಹಿಂದೆ ಮುಂದೆ ನೋಡುತ್ತಾರೆ. ಸಣಕಲರಿಗೆ ಏನು ಬೇಕಾದರೂ ಅನ್ನುವ ಲೈಸೆನ್ಸ್ ಎಲ್ಲರ ಜೇಬಿನಲ್ಲೂ ಇದೆ.

ಕಳೆದ ವರ್ಷ ಒಂದು ದಿನ ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೇ ಕಣ್ಣು ಕತ್ತಲೆ ಬಂದು ಕ್ಲಾಸಿನಲ್ಲೇ ಬಿದ್ದೆ. ಡಾಕ್ಟರ್ ಟೆಸ್ಟೆಲ್ಲ ಮಾಡಿಸಿ, "ಕಾಯಿಲೆ ಏನೂ ಇಲ್ಲ. ಮೈಯಲ್ಲೂ ಏನೂ ಇಲ್ಲ. ತೂಕ ಏರಿಸಿಕೊಳ್ಳಿ" ಎಂದರು. ಏರಿಸಿಕೊಳ್ಳೋಣ ಎಂದುಕೊಂಡೆ. ಯಾರ ಬಾಯಿ ಮುಚ್ಚಿಸಲಿಕ್ಕೂ ಅಲ್ಲ. ನಿಂತಲ್ಲೇ ಬೀಳಬಾರದು, ಅಷ್ಟೇ.

ಇಳಿಸುವುದು ಕಷ್ಟ ಅಂತ ಲೋಕವೆಲ್ಲ ಹೇಳುತ್ತದೆ. ಏರಿಸುವ ಕಷ್ಟ ಯಾರು ಹೇಳ್ತಾರೆ? ಬೆಳಿಗ್ಗೆ ಮೊಟ್ಟೆ, ಪೀರಿಯಡ್ಡಿನ ಮಧ್ಯೆ ಬಾಳೆಹಣ್ಣು, ಕಡ್ಲೆಬೀಜ, ಮುದ್ದೆಯ ಮೇಲೆ ಬೆಣ್ಣೆ. ಹಸಿವಿಲ್ಲದೆ ತಿನ್ನುವುದು ಒಂದು ಶಿಕ್ಷೆ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆದರೆ, "ಮತ್ತೆ ತಿಂತಿದ್ದೀರಾ ಮೇಡಂ?" ಕೆಲವು ದಿನ ತುತ್ತು ಗಂಟಲಲ್ಲೇ ನಿಂತು ಅಳು ಬಂದಿದೆ.

ಆದರೂ ಮೈ ತುಂಬಿಕೊಂಡಿತು. ಬಸ್ಸಿನ ಸೀಟಿನಲ್ಲಿ ಕುಳಿತರೆ ಮೂಳೆ ಒತ್ತುವುದು ನಿಂತಿತು. ಮಧ್ಯಾಹ್ನದವರೆಗೆ ನಿಂತು ಪಾಠ ಮಾಡಿದರೂ ತಲೆ ಸುತ್ತಲಿಲ್ಲ. ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡು ಖುಷಿಪಟ್ಟೆ. ಅದೇ ವಾರ ಹಳೆಯ ಚೂಡಿದಾರ್ ಹೊಟ್ಟೆಯ ಹತ್ತಿರ ಬಿಗಿದುಕೊಂಡಾಗ ಮಂಚದ ಮೇಲೆ ಕುಳಿತು ಬೇಜಾರೂ ಪಟ್ಟೆ. ಬೇಕು ಬೇಕೆಂದು ಪಡೆದದ್ದಕ್ಕೇ ಬೇಜಾರು! ಆ ಸಣಕಲಿಯೂ ನಾನೇ ಆಗಿದ್ದೆನಲ್ಲ, ಅವಳು ಎಲ್ಲಿ ಹೋದಳು ಅನ್ನಿಸಿತು. ಖುಷಿಯೂ ನಿಜ, ಬೇಜಾರೂ ನಿಜ. ಎರಡೂ ನನ್ನವು.

ಕಾಲೇಜಿನ ಮೆಟ್ಟಿಲು ಹತ್ತುವಾಗ ಏದುಸಿರು ಬಂದ ದಿನ, ಇನ್ನು ಸಾಕು ಎಂದು ನಿರ್ಧರಿಸಿದೆ. ಡಾಕ್ಟರೂ ಹೂಂ ಅಂದರು.

ಡಾಕ್ಟರ್ ಒಪ್ಪಿದರೆ ಆಯಿತೇ? ನೆಂಟರು ಒಪ್ಪಬೇಡವೇ?

ಭಾನುವಾರ ನಾದಿನಿ ಸುನಂದಕ್ಕನ ಮನೆಯಲ್ಲಿ ಗೂಡು ಬಿಡಿಸುವ ಕೆಲಸವಿತ್ತು. ಮರುದಿನ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಬೇಕು. ನಾನೂ ನನ್ನ ಗಂಡ ಹರೀಶನೂ ಸಹಾಯಕ್ಕೆ ಹೋಗಿದ್ದೆವು. ಅಕ್ಕಪಕ್ಕದವರೂ ಬಂದಿದ್ದರು. ಸುನಂದಕ್ಕನ ಗಂಡ ಮುನಿರಾಜಣ್ಣ ಮೂಟೆ ತೂಗುತ್ತಿದ್ದರು.

"ಬಾರಮ್ಮ, ನೀನೂ ಒಂದ್ಸಲ ಹತ್ತು. ಹೋದ ಯುಗಾದೀಲಿ ಗೂಡಿನ ಮೂಟೆ ಥರ ಇದ್ದೆ, ಎತ್ತಿದ್ರೆ ಏನೂ ಇಲ್ಲ" ಅಂದರು.

"ಬೇಡ ಅಣ್ಣ."

"ನಮ್ಮನೇಲಿ ಏನೇ ನಾಚ್ಕೆ?" ಎನ್ನುತ್ತ ಸುನಂದಕ್ಕ ಹಿಂದಿನಿಂದ ಬಂದು ಭುಜ ಹಿಡಿದು ತಳ್ಳಿಯೇ ಬಿಟ್ಟರು. ಕಾಲು ತಕ್ಕಡಿಯ ಮೇಲೆ. ಮುನಿರಾಜಣ್ಣ ಹರಾಜು ಕೂಗುವವರ ಹಾಗೆ ಅಂಕಿ ಕೂಗಿದರು. ಎಲ್ಲರೂ ಹೋ ಎಂದರು. ಮೂಲೆಯಲ್ಲಿ ಗೂಡು ಬಿಡಿಸುತ್ತಿದ್ದ ಸುನಂದಕ್ಕನ ಅತ್ತೆ ಕೈ ನಿಲ್ಲಿಸಿ, ನನ್ನ ಹೊಟ್ಟೆಯನ್ನೇ ನೋಡುತ್ತ ತೆಲುಗಿನಲ್ಲಿ ಕೇಳಿದರು: "ಏಮ್ಮಾ, ವಿಶೇಷಮಾ?"

"ಅದನ್ನೇ ನಾನೂ ಕೇಳೋದು," ಮುನಿರಾಜಣ್ಣ ನಕ್ಕರು. "ಈ ತೂಕ ಒಬ್ರದೋ, ಇಬ್ರದೋ?"

ಅಂಗಳದ ತುಂಬ ನಗು. ಹರೀಶನೂ ನಕ್ಕ. ಹೊಟ್ಟೆ ಉರಿದದ್ದು ಅದಕ್ಕೇ ಹೆಚ್ಚು.

ನಮಗೆ ಮದುವೆಯಾಗಿ ಐದು ವರ್ಷ. ಮಗು ಇಲ್ಲ. ಯಾಕಿಲ್ಲ ಎನ್ನುವುದು ನಮ್ಮಿಬ್ಬರಿಗೆ ಬಿಟ್ಟದ್ದು. "ಸಣಕಲಿ, ಅದಕ್ಕೇ ಬಸಿರು ನಿಲ್ತಾ ಇಲ್ಲ" ಎಂದು ಇಷ್ಟು ದಿನ ಅಂದವರೂ ಇವರೇ. ಈಗ ದಪ್ಪಗಾಗಿದ್ದೇನೆ, ಹಾಗಾದರೆ ನಿಂತಿರಲೇಬೇಕಂತೆ! ನನ್ನ ಹೊಟ್ಟೆಯಲ್ಲಿರುವುದು ನಾನು ಅಳುತ್ತ ತಿಂದ ಮುದ್ದೆ, ಸ್ವಾಮಿ. ಅದಕ್ಕೂ ಊರವರಿಗೆ ಉತ್ತರ ಹೇಳಬೇಕೆ?

ಕೆಳಗಿಳಿದೆ. "ಒಬ್ರದೇ ಅಣ್ಣ. ನಂದೊಂದೇ. ಬೇಡ ಅಂದ್ರೂ ಹತ್ತಿಸಿದ್ರಲ್ಲ, ನಿಮಗೇನು ಸಿಕ್ತು?" ಅಂದೆ.

"ಅಯ್ಯೋ, ತಮಾಷೆಗಂದಿದ್ದಮ್ಮ..."

"ತಮಾಷೆ ಆಗಿದ್ರೆ ನಂಗೂ ನಗು ಬರ್ಬೇಕಿತ್ತಲ್ವಾ?"

ಒಲೆಯ ಮೇಲೆ ಅವರೆಕಾಳು ಸಾರು ಕುದಿಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಬೈಕಿನಲ್ಲಿ ಹರೀಶ ಶುರು ಮಾಡಿದ. "ಅಷ್ಟಕ್ಕೆಲ್ಲ ಊಟ ಬಿಟ್ಟು ಬರ್ತಾರೇನೇ? ಪ್ರೀತಿಗೆ ಅಂತಾರಪ್ಪ."

"ನೀನ್ಯಾಕೆ ನಕ್ಕೆ?"

"ಎಲ್ರೂ ನಕ್ರು..."

"ಎಲ್ರಿಗೂ ಗೊತ್ತಿಲ್ಲ. ನಿಂಗೆ ಗೊತ್ತಿತ್ತು."

ಶಿಡ್ಲಘಟ್ಟ ದಾಟಿದ ಮೇಲೆ ಅವನು ರಸ್ತೆ ಬದಿಯ ಹೋಟೆಲಿನ ಮುಂದೆ ಬೈಕ್ ನಿಲ್ಲಿಸಿ, "ತಪ್ಪಾಯ್ತು ಕಣೇ" ಎಂದ. ಒಳಗೆ ಕುಳಿತ ಮೇಲೆ, "ಏನು ತಿಂತೀಯ?" ಎಂದು ಕೇಳಿದ. ಕೇಳಿದ, ನೋಡಿ! ತಾನೇ ತರಿಸಲಿಲ್ಲ. ಎರಡು ಇಡ್ಲಿ ಸಾಕು ಅಂದೆ. ಎರಡೇ ಬಂತು. ಆ ಊಟ ಎಷ್ಟು ಹಿತವಾಗಿತ್ತೆಂದರೆ, ಇನ್ನೊಂದು ಪ್ಲೇಟನ್ನು ನಾನೇ ಹೇಳಿದೆ.

ಬುಧವಾರ ಸುನಂದಕ್ಕನ ಫೋನು. "ಉಣ್ಣದೆ ಹೋಗ್ಬಿಟ್ಟೆ. ಅವತ್ತಿಂದ ನಂಗೆ ಒಂದ್ ತುತ್ತೂ ಇಳೀತಿಲ್ಲ ಕಣಮ್ಮ." ಅದು ನಾಟಕವಲ್ಲ. ನಾನು ಕ್ಲಾಸಿನಲ್ಲಿ ಬಿದ್ದ ಮೇಲೆ ತಿಂಗಳುಗಟ್ಟಲೆ ಮನೆಯ ಬೆಣ್ಣೆ ಕಳಿಸಿದವರೂ ಇವರೇ.

"ಅಕ್ಕ, ನಾನು ಊಟ ಬಿಟ್ಟೆ ಅಂತ ಬೇಜಾರಾ, ಅಣ್ಣ ಆ ಮಾತಂದ್ರು ಅಂತ ಬೇಜಾರಾ?"

"ಊಟ ಬಿಟ್ಟೆ ಅಂತ. ಮಾತೇನು ಬಿಡು, ಮನೆಯೋರಲ್ವಾ."

ಬೆಣ್ಣೆಯ ಋಣ ನನಗೆ ಗೊತ್ತು. ಮುಂದಿನ ಬೆಳೆಗೂ ಗೂಡು ಬಿಡಿಸಲು ಹೋಗುತ್ತೇನೆ. ಆದರೆ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಆರುವುದೂ ಬೇಡ.

ತಟ್ಟೆಗೆ ಬಡಿಸಿದವರಿಗೆಲ್ಲ ತಿಂದವಳ ಮೈಯ ಮೇಲೂ ಹಕ್ಕು ಬರುತ್ತದೆ ಅಂತ ಹೇಳಿಕೊಟ್ಟವರು ಯಾರು?