ಹೂಮಳೆಗೆ ಸಿಕ್ಕ ಹೆಸರುಕಾಳು

ಮಲೆನಾಡಿನ ಬಾಳೂರಿನ ಕೆಳಗೆ ನಮಗೊಂದು ಎಕರೆ ಗದ್ದೆಯಿತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಶುಂಠಿ ಬೆಳೆಯುವವರು ಗದ್ದೆಗಳನ್ನು ಗುತ್ತಿಗೆಗೆ ಕೇಳಿಕೊಂಡು ಬರುತ್ತಿದ್ದರು. ಅಣ್ಣನಿಗೆ ಕೊಟ್ಟುಬಿಡುವ ಮನಸ್ಸು. ಶುಂಠಿಗೆಂದು ಏರುಮಡಿ ಎಬ್ಬಿಸಿ ಆಳದ ಕಾಲುವೆ ತೆಗೆದರೆ ಆ ನೆಲ ಮತ್ತೆ ಗದ್ದೆಯಾಗುವುದಿಲ್ಲ ಎಂದು ನಾನು ಹಟ ಹಿಡಿದೆ.

"ವರ್ಷಕ್ಕೊಂದು ಬೆಳೆ ಕೊಡೋ ಗದ್ದೆ ಇಟ್ಕಂಡು ಎಂತ ಮಾಡ್ತೀಯ ಮಾರಾಯ?"

"ಎರಡು ತೆಗೀತೀನಿ. ಭತ್ತ ಕೊಯ್ದ ಮೇಲೆ ಹೆಸರು ಹಾಕ್ತೀನಿ."

"ತೆಗಿ, ನೋಡಣ. ಬರ್ಲಿಲ್ಲ ಅಂದ್ರೆ ಶುಂಠಿಯವ್ರಿಗೆ ನಾನೇ ಫೋನ್ ಮಾಡ್ತೀನಿ" ಎಂದ ಅಣ್ಣ.

ನಾಟಿಗೆ ಮೊದಲು ಊರಿಗೆ ಬಂದಿದ್ದ ಕೃಷಿ ಸಹಾಯಕರು ನನಗೆ ಬಿಡಿಸಿ ಹೇಳಿದ್ದರು. ಬೇಗ ಬರುವ ಭತ್ತ ನೆಟ್ಟರೆ ನವೆಂಬರ್ ಕೊನೆಗೆ ಗದ್ದೆ ಖಾಲಿ. ತೇವ ಆರುವ ಮೊದಲೇ ಎರಡು ತಿಂಗಳ ಹೆಸರಿನ ತಳಿ ಬಿತ್ತಿದರೆ ಫೆಬ್ರವರಿಯಲ್ಲಿ ಕಾಳು ಮನೆ ಸೇರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅಂದಿನಿಂದ ನೇಗಿಲು ಹಿಡಿದವನು ನಾನು. ಷೂ ಹಾಕಿಕೊಂಡು ಬದುವಿನ ಮೇಲೆ ನಿಂತವರ ಮಾತು ನನಗೇಕೆ ಎಂದುಕೊಂಡೆ. ಹುಲ್ಲು ಜಾಸ್ತಿ ಸಿಗುತ್ತದೆಂದು ತಡವಾಗಿ ಬರುವ ಹಳೆಯ ಎತ್ತರದ ಭತ್ತವನ್ನೇ ನೆಟ್ಟೆ. ಹೆಸರಿನ ಬೀಜವನ್ನು ಬಯಲುಸೀಮೆಯ ಕಡೂರು ಕಡೆಯ ಹೆಂಡತಿಯ ತವರಿಂದ ತಂದೆ. ದಪ್ಪ ಕಾಳು, ಆದರೆ ನಿಧಾನದ್ದು. ಅಲ್ಲಿಯವರಿಗೆ ನಮ್ಮಂತೆ ಮಾರ್ಚಿನ ಮಳೆಯ ಚಿಂತೆಯೇ ಇಲ್ಲ.

ಭತ್ತ ಕೊಯ್ಯುವ ಹೊತ್ತಿಗೆ ಜನವರಿ ಬಂತು. ಆದರೂ ಹೆಸರು ಚೆನ್ನಾಗಿ ಎದ್ದಿತು. ಅಣ್ಣನೂ ಬದುವಿನ ಮೇಲೆ ನಿಂತು ನೋಡಿಕೊಂಡು ಹೋದ. ಮಾರ್ಚ್ ಕೊನೆಗೆ ಅರ್ಧದಷ್ಟು ಕಾಯಿ ಬಲಿತು ಕಪ್ಪಾಯಿತು. ಬಿಡಿಸಲು ಆಳಿಲ್ಲ, ಎಲ್ಲರೂ ಎಸ್ಟೇಟುಗಳಲ್ಲಿ ಕೊನೆಯ ರೋಬಸ್ಟಾ ಕಾಫಿ ಕುಯ್ಲಿಗೆ ಹೋಗಿದ್ದರು. ನಾನೂ ಹೆಂಡತಿಯೂ ಎರಡು ಸಾಲು ಮುಗಿಸಿದ್ದೆವಷ್ಟೇ, ಮೋಡ ಕವಿದು ಮಳೆ ಹೊಡೆಯಿತು.

ಕಾಫಿ ಹೂ ಬಿಡಬೇಕಾದರೆ ಆ ಮಳೆ ಬೇಕೇ ಬೇಕು. ಊರಿಗೆ ಊರೇ ಆಕಾಶ ನೋಡುತ್ತಿತ್ತು. ನಮ್ಮದೂ ಅರ್ಧ ಎಕರೆ ಕಾಫಿ ಇದ್ದುದರಿಂದ ನಾನು ಅದನ್ನು ಶಪಿಸುವಂತೆಯೂ ಇರಲಿಲ್ಲ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ರಸ್ತೆಯಲ್ಲಿ ಜೀಪು ನಿಲ್ಲಿಸಿ ಕೂಗಿದರು:

"ಎಂಥಾ ಹೂಮಳೆ ಕಣೋ! ಬಂಗಾರ ಬಿದ್ದಂಗಾಯ್ತು!"

"ಹೌದು ಸಾರ್" ಎಂದೆ. ನೀರು ನನ್ನ ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು.

ಮೂರು ದಿನ ಬಿಸಿಲೇ ಬರಲಿಲ್ಲ. ನಾಲ್ಕನೆಯ ದಿನ ಹೆಂಡತಿ ಒಂದು ಕಾಯಿ ಒಡೆದು ನನ್ನ ಅಂಗೈಗೆ ಹಾಕಿದಳು. ಒಳಗಿದ್ದ ಕಾಳುಗಳೆಲ್ಲ ಬಿಳಿ ಮೊಳಕೆ ಬಿಟ್ಟಿದ್ದವು.

"ಇನ್ನು ಬಟ್ಟೇಲಿ ಕಟ್ಟಿಡೋ ಕೆಲ್ಸ ಇಲ್ಲ. ನೇರ ಪಲ್ಯ ಮಾಡದೇಯ" ಎಂದಳು. ನಗಲು ನೋಡಿದಳು, ಆಗಲಿಲ್ಲ.

ಅಣ್ಣ ಹಂಗಿಸಲಿಲ್ಲ. ಹಂಗಿಸಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು. ಫೋನ್ ಮಾಡಿದ, ಅಷ್ಟೇ. ಒಬ್ಬರೇ ಬಂದ ಶುಂಠಿ ಗುತ್ತಿಗೆದಾರರು ಮೊದಲು ಕೇಳಿದ್ದು ಹಿಂದಿನ ಬೆಳೆಯ ಬಗ್ಗೆ; ಒಮ್ಮೆ ಶುಂಠಿ ಬೆಳೆದ ನೆಲದಲ್ಲಿ ಮತ್ತೆ ಹಾಕಿದರೆ ಗೆಡ್ಡೆ ಕೊಳೆಯುತ್ತದೆ.

"ಇಲ್ಲಿ ಶುಂಠಿ ಹಾಕಿದ್ರಾ ಯಾವತ್ತಾದ್ರೂ?"

"ಇಲ್ಲ. ಭತ್ತ. ಆಮೇಲೆ ಈ ಹೆಸರು" ಎಂದೆ.

ಅವರು ಒಂದು ಗಿಡ ಕಿತ್ತು ಬೇರಿನ ಗಂಟುಗಳನ್ನು ಉಜ್ಜಿ ನೋಡಿದರು. "ಭಾರೀ ಒಳ್ಳೇದಾಯ್ತು. ಇದನ್ನ ಹಿಂಗೇ ಮಣ್ಣಿಗೆ ಸೇರಿಸಿ ಉಳ್ತೀವಿ. ನಮ್ ಶುಂಠಿಗೆ ಅರ್ಧ ಗೊಬ್ಬರ ನೀವೇ ಹಾಕ್ದಂಗೆ."

ಆಮೇಲೆ ಅಳತೆಯ ಹಗ್ಗ ಬಿಚ್ಚಿದರು. ಇನ್ನೊಂದು ತುದಿ ಹಿಡಿಯಲು ಅವರ ಜೊತೆ ಯಾರೂ ಇರಲಿಲ್ಲ. ಅಣ್ಣ ನನ್ನತ್ತ ನೋಡಿದ. ನಾನು ಗದ್ದೆಗಿಳಿದು ಹಿಡಿದುಕೊಂಡೆ.