ಹನ್ನೆರಡನೇ ಕಲ್ಲು

2004ರಲ್ಲಿ ನಾನು ಚಿತ್ರದುರ್ಗದಲ್ಲಿ ಮನೋವೈದ್ಯೆಯಾಗಿದ್ದೆ. ಊರಿನಲ್ಲಿ ನನ್ನದೇ ಒಂದು ಸಣ್ಣ ಕ್ಲಿನಿಕ್. ಗುರುವಾರ ಮಾತ್ರ ಬಸ್ಸು ಹಿಡಿದು ಹೊಳಲ್ಕೆರೆಗೆ ಹೋಗಿ, ಬಾಡಿಗೆ ಕೋಣೆಯೊಂದರಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದೆ. ಸಿಟ್ಟಿನ ಡಾಕ್ಟರಮ್ಮ ಅಂತ ಹೆಸರು ಬಿದ್ದಿತ್ತು, ಅದೇನೂ ಸುಳ್ಳಲ್ಲ.

ತಿಪ್ಪೇಶಿ ಬಂದದ್ದು ಆ ಕೋಣೆಗೆ. ಮೂವತ್ತೆಂಟರ ಆಳು. ಕಲ್ಲುಕ್ವಾರಿಯಲ್ಲಿ ಬ್ಲಾಸ್ಟರ್, ಅಂದರೆ ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಸ್ಫೋಟಕ ತುಂಬಿ ಬತ್ತಿ ಹಚ್ಚುವವನು. ಅದೇ ಕ್ವಾರಿಯಲ್ಲಿ ಜಲ್ಲಿ ಒಡೆಯುವ ಹೆಂಡತಿ ರತ್ನಮ್ಮ ಅವನ ತೋಳು ಹಿಡಿದು ಕರೆತಂದಿದ್ದಳು.

"ಕುಂತ್ಕಳ್ರಿ" ಅಂದರೂ ಅವನು ಕೂರಲಿಲ್ಲ. ಹೊರಗೆ ಯಾರೋ ಬಾಗಿಲು ಹಾಕಿದ ಸದ್ದಿಗೆ ಮೇಜಿನಡಿ ನುಗ್ಗಿಬಿಟ್ಟ.

"ಎರಡು ತಿಂಗಳಾತು ಡಾಕ್ಟ್ರಮ್ಮ, ಕಣ್ಣು ಮುಚ್ಚಿದ್ರೆ ಕಿರುಚ್ತಾನೆ. ನಿದ್ದೆ ಬರೋ ಹಂಗೆ ಏನಾರ ಕೊಡ್ರಿ" ಎಂದಳು ರತ್ನಮ್ಮ.

ಆ ಕ್ವಾರಿಯಲ್ಲೊಂದು ಪದ್ಧತಿಯಿತ್ತು. ಎಷ್ಟು ಕುಳಿಗೆ ಬತ್ತಿ ಇಟ್ಟರೋ ಅಷ್ಟು ಬೆಣಚುಕಲ್ಲು ಒಬ್ಬರ ಕೈಯಲ್ಲಿರಬೇಕು. ಒಂದೊಂದು ಸ್ಫೋಟಕ್ಕೆ ಒಂದೊಂದು ಕಲ್ಲು ಕೆಳಗೆ. ಕೈಯಲ್ಲಿ ಕಲ್ಲು ಉಳಿದರೆ ಒಂದು ಕುಳಿ ಇನ್ನೂ ಸಿಡಿದಿಲ್ಲ ಎಂದರ್ಥ; ಅರ್ಧ ಗಂಟೆ ಯಾರೂ ಅತ್ತ ಸುಳಿಯುವಂತಿಲ್ಲ. ಎರಡು ತಿಂಗಳ ಹಿಂದೆ ಕಲ್ಲು ಹಿಡಿದಿದ್ದವನು ತಿಪ್ಪೇಶಿ. ಒಂದು ಉಳಿದಿತ್ತು. "ಎರಡು ಒಟ್ಟಿಗೆ ಹೊಡೆದ್ವು, ಹೋಗಾಣ ಬಾ ಭಾವ" ಅಂದಿದ್ದ. ಮುಂದೆ ಹೋದ ಭಾವ, ಅಂದರೆ ರತ್ನಮ್ಮನ ಅಣ್ಣ, ಅವನ ಕಣ್ಣೆದುರೇ ಸತ್ತ.

ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನು ಬಿಪಿಗೆ, ಎದೆಬಡಿತಕ್ಕೆ ಕೊಡುತ್ತೇವೆ. ಆ ವರ್ಷಗಳಲ್ಲಿ ಅದರ ಇನ್ನೊಂದು ಬಳಕೆಯ ಚರ್ಚೆ ನಡೆದಿತ್ತು. ಮಾತ್ರೆ ನುಂಗಿಸಿ, ಆಮೇಲೆ ಆ ಭಯಂಕರ ನೆನಪನ್ನು ರೋಗಿಯ ಬಾಯಿಂದಲೇ ಹೇಳಿಸಿದರೆ, ನಡೆದದ್ದು ನೆನಪಿರುತ್ತದೆ, ಅದರ ಭಯ ಇಳಿಯುತ್ತದೆ ಎಂಬ ಆಸೆ. ಹೀಗೆ ಮಾಡುವುದು ಸರಿಯೇ ಎಂಬ ಜಗಳವೂ ಇತ್ತು. ನಾನು ಜಗಳದ ಪುಟಗಳನ್ನು ಹಾರಿಸಿ ಓದಿದವಳು! ಆಸ್ತಮಾ ಇಲ್ಲವೆಂದು ಖಚಿತ ಮಾಡಿಕೊಂಡು ಅವನ ನಾಡಿ, ಬಿಪಿ ಎಲ್ಲ ಪರೀಕ್ಷಿಸಿದೆ. ಹೊಸ ಪ್ರಯೋಗವೆಂದು ಇಬ್ಬರಿಗೂ ಹೇಳಿ ಒಪ್ಪಿಸಿದೆ. ಚೀಟಿ ಬರೆದು, ಗುರುವಾರ ಬರುವ ಮುಂಚೆ ಒಂದೇ ಮಾತ್ರೆ ಎಂದೆ. ಬಾಯಲ್ಲಿ ಹೇಳಿದೆ, ಚೀಟಿಯಲ್ಲಿ ಬರೆಯಲಿಲ್ಲ.

ಆರು ಗುರುವಾರ ಅವನು ಅದೇ ಕಥೆ ಹೇಳಿದ. ಮೊದಲ ವಾರ ನಡುಗುತ್ತ, ನಾಲ್ಕನೆಯ ವಾರ ಸುಮ್ಮನೆ, ಆರನೆಯ ವಾರ ಬೀಡಿ ತಿರುವುತ್ತ. ನಿದ್ದೆ ಬಂತು, ಕೆಲಸಕ್ಕೂ ಹೊರಟ. ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದೆ.

ಏಳನೆಯ ಗುರುವಾರ ರತ್ನಮ್ಮ ಒಬ್ಬಳೇ ಬಂದಳು.

"ಅವ್ನು ಚೆಂದ ಮಲಗ್ತಾನೆ, ನಂಗೇ ನಿದ್ದೆ ಇಲ್ಲ. ಉಣ್ತಾ ಉಣ್ತಾ ನಮ್ಮಣ್ಣ ಸತ್ತಿದ್ನ ಸಂತೆ ಸುದ್ದಿ ಹೇಳ್ದಂಗೆ ಹೇಳ್ತಾನೆ. ದಿನಾ ಬತ್ತಿ ಹಚ್ಚೋಕೆ ಮುಂಚೆ ಒಂದು ಮಾತ್ರೆ ನುಂಗ್ತಾನೆ."

"ದಿನಾನಾ? ಯಾರು ಕೊಟ್ರು?"

"ನಿಮ್ಮ ಚೀಟಿ ಐತಲ್ಲ. ತೋರ್ಸಿದ್ರೆ ಅಂಗಡೀಲಿ ಕೊಡ್ತಾರೆ."

ಬಿಪಿಯವರು ಒಂದೇ ಚೀಟಿಯನ್ನು ವರ್ಷಗಟ್ಟಲೆ ತೋರಿಸಿ ಮಾತ್ರೆ ಒಯ್ಯುವ ಊರು ಅದು. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಂದು ಸಂಜೆ ನಾಲ್ಕಕ್ಕೆ ಬ್ಲಾಸ್ಟಿಂಗ್ ಇತ್ತು. ಕಾಯುತ್ತಿದ್ದ ರೋಗಿಗಳನ್ನು ಬಿಟ್ಟು ಇಬ್ಬರೂ ಆಟೋ ಹತ್ತಿದೆವು.

ನಾವು ತಲುಪುವಷ್ಟರಲ್ಲಿ ಕೆಂಪು ಬಾವುಟ ಏರಿತ್ತು. ಬತ್ತಿ ಹಚ್ಚಿ ಬಂದ ತಿಪ್ಪೇಶಿಯೂ ಸೇರಿ ಎಲ್ಲರೂ ತಗಡಿನ ಶೆಡ್ಡಿನ ಹಿಂದಿದ್ದರು. ರತ್ನಮ್ಮ ಹನ್ನೆರಡು ಕಲ್ಲು ಕೈಗೆತ್ತಿಕೊಂಡಳು. ನೆಲ ಅದುರತೊಡಗಿತು. ಒಂದು, ಎರಡು, ಮೂರು. ಪ್ರತಿ ಸದ್ದಿಗೂ ನಾನು ಕುಗ್ಗಿದೆ. ಹನ್ನೊಂದಾಯಿತು. ಆಮೇಲೆ ಏನೂ ಇಲ್ಲ. ಅವಳ ಅಂಗೈಯಲ್ಲಿ ಒಂದು ಕಲ್ಲು ಉಳಿದಿತ್ತು.

ತಿಪ್ಪೇಶಿ ಎದ್ದು ಲುಂಗಿ ಕೊಡವಿ, ಬಂಡೆಯ ಕಡೆ ಹೊರಟ.

"ಎರಡು ಒಟ್ಟಿಗೆ ಹೊಡೆದ್ವು, ಬರ್ರಿ" ಅಂದ.

ಅಯ್ಯೋ ದೇವರೇ! ಅದೇ ಮಾತು! ರತ್ನಮ್ಮ ಓಡಿಹೋಗಿ ಅವನ ಹೆಗಲ ಟವೆಲು ಹಿಡಿದು ಜಗ್ಗಿದಳು.

"ಲೇ, ನಮ್ಮಣ್ಣಂಗೂ ಹಿಂಗೇ ಅಂದಿದ್ದೆ!"

ಅವನು ನಿಂತು ಯೋಚಿಸಿದ. "ಹೌದಲ್ಲ, ಅಂದಿದ್ದೆ" ಎಂದ. ಅವನ ಮುಖದಲ್ಲಿ ಭಯದ ಸುಳಿವೇ ಇರಲಿಲ್ಲ. ಅವಳು ಅಳುತ್ತಿದ್ದಳು ಎಂಬ ಒಂದೇ ಕಾರಣಕ್ಕೆ ವಾಪಸು ಬಂದು ಕೂತ.

ಹತ್ತು ನಿಮಿಷವಾಗಿರಬಹುದು. ಹನ್ನೆರಡನೆಯದು ಸಿಡಿಯಿತು. ಶೆಡ್ಡಿನ ತಗಡಿನ ಮೇಲೆ ಕಲ್ಲು ಸುರಿದವು. ಎಲ್ಲರೂ ತಲೆ ಮುಚ್ಚಿಕೊಂಡೆವು. ತಿಪ್ಪೇಶಿ ಕಣ್ಣು ಸಹ ಮಿಟುಕಿಸಲಿಲ್ಲ. "ಹನ್ನೆರಡು" ಅಂದ, ಅಷ್ಟೇ. ಇಷ್ಟು ವರ್ಷದ ವೃತ್ತಿಯಲ್ಲಿ ನನ್ನನ್ನು ಅದಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೊಂದಿಲ್ಲ.

ರತ್ನಮ್ಮ ಉಳಿದ ಕಲ್ಲನ್ನು ಕೆಳಗೆ ಹಾಕಿ ನನ್ನ ಕಡೆ ತಿರುಗಿದಳು. "ನಿದ್ದೆ ಕೊಡ್ರಿ ಅಂದಿದ್ದೆ ಡಾಕ್ಟ್ರಮ್ಮ. ಹೆದ್ರಿಕೆ ತಗೀರಿ ಅಂತ ನಾ ಅಂದಿದ್ನಾ?"

ನಾನು, ಸಿಟ್ಟಿನ ಡಾಕ್ಟರಮ್ಮ, ತಿಪ್ಪೇಶಿಯಿಂದ ಚೀಟಿ ಇಸಿದುಕೊಂಡೆ. ಅದನ್ನು ಅಲ್ಲೇ ಹರಿದೆ. ದಿನವೂ ನುಂಗುವ ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು, ಅದಕ್ಕೇ ನಾನೇ ಎಣಿಸಿ ಕೊಡುತ್ತ ನಿಧಾನವಾಗಿ ಇಳಿಸಿದೆ. ಅಷ್ಟು ದಿನ ಅವನನ್ನು ಬತ್ತಿಯಿಂದ ದೂರ ಇಡುವಂತೆ ಕ್ವಾರಿಯವರ ಹತ್ತಿರ ಕೈಮುಗಿದು ಕೇಳಿಕೊಂಡೆ. ಅವನನ್ನು ಮಂಕು ಮಾಡಿದ್ದು ಗುರುವಾರದ ಚಿಕಿತ್ಸೆಯೋ, ದಿನದ ಮಾತ್ರೆಯೋ, ಇವತ್ತಿಗೂ ನನಗೆ ಖಚಿತವಿಲ್ಲ. ತಪ್ಪು ನನ್ನದು ಎಂಬುದಷ್ಟೇ ಖಚಿತ. ಅವನ ನಾಡಿ ಎಣಿಸಿದವಳು, ಆ ನಾಡಿಯನ್ನು ಓಡಿಸುವ ಭಯ ಅವನನ್ನು ಯಾವುದರಿಂದ ಕಾಯುತ್ತದೆ ಎಂದು ಕೇಳಿರಲಿಲ್ಲ.

ಒಂದು ತಿಂಗಳ ನಂತರ ಅವನು ಬಂದು ಕೂತ. ಭಾವನ ಹೆಸರು ಹೇಳುತ್ತಲೇ ಬಿಕ್ಕಿ ಅತ್ತ. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು.

ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಅಂದಿನಿಂದ ಚೀಟಿ ಬರೆಯುವ ಮುಂಚೆ ಎಲ್ಲರನ್ನೂ ಕೇಳುತ್ತೇನೆ. "ಇದ್ರಲ್ಲಿ ಎಷ್ಟು ಹೋಗ್ಬೇಕು, ಎಷ್ಟು ಇರ್ಬೇಕು?"

ತಿಪ್ಪೇಶಿ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ರಾತ್ರಿ ಹೆದ್ರಿಕೆ ಹೋಗ್ಲಿ, ಡಾಕ್ಟ್ರಮ್ಮ. ಬತ್ತಿ ಹಚ್ಚೋವಾಗಿಂದು ಇರ್ಲಿ. ಅದು ನಮ್ಮ ಭಾವ ಬಿಟ್ಟುಹೋಗಿದ್ದು."