ಚೀನಾ ಕಷಾಯ

ಈ ಔಷಧಿ ಕೆಲಸ ಮಾಡುತ್ತದೆ ಎನ್ನಲು ಪುರಾವೆ ಸಾಲದು ಎಂದು ಬರೆಯುವುದೇ ನನ್ನ ನೌಕರಿ. ಅಮೆರಿಕದ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಕೂತು ದೊಡ್ಡ ದೊಡ್ಡ ಕಂಪನಿಗಳ ವರದಿಗಳಿಗೆ ಕೊಕ್ಕೆ ಹಾಕುತ್ತೇನೆ. ಅದರಲ್ಲಿ ಸಿಗುವ ಸುಖ ಹೇಳಿಕೊಳ್ಳುವಂಥದ್ದಲ್ಲ.

ಆ ಚಳಿಗಾಲ ಮೈಸೂರಿನಿಂದ ಅಮ್ಮ ಬಂದಿದ್ದಳು. ಅವಳಿಗೂ ಪಕ್ಕದ ಮನೆಯ ಚೀನೀ ಅಜ್ಜಿಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಆದರೂ ಪಾರ್ಕಿಂಗ್ ಲಾಟ್ ಸುತ್ತುತ್ತ ದಿನಾ ಒಂದು ಗಂಟೆ ಹರಟೆ. ನಮ್ಮ ಮನೆಗೆ ಫ್ಲೂ ಬಂದಾಗ ಅಜ್ಜಿ ಚೀಲದ ತುಂಬ ಸಣ್ಣ ಪೊಟ್ಟಣ ತಂದುಕೊಟ್ಟರು. ಒಳಗೆ ಯಾವುದೋ ಬೇರಿನ ಕಂದು ಹರಳು. ಬಿಸಿನೀರಿಗೆ ಹಾಕಿ ಕುಡಿಯಬೇಕು. ಅಮ್ಮ ಕೂಡಲೇ ಚೀನಾ ಕಷಾಯ ಎಂದು ಹೆಸರಿಟ್ಟಳು.

ನನಗೆ ಹುರುಪೋ ಹುರುಪು. ಜ್ವರದಲ್ಲೇ ಲ್ಯಾಪ್‌ಟಾಪ್ ತೆರೆದು ಸಿಕ್ಕಿದ್ದನ್ನೆಲ್ಲ ಓದಿದೆ. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ವೈರಸ್ ಸಾಯುತ್ತದಂತೆ. ಬಟ್ಟೆ ಸೋಪು ಹಾಕಿದರೂ ಸಾಯುತ್ತದೆ. ಮನುಷ್ಯರ ಮೇಲೆ ಮಾಡಿದ, ನಂಬುವಂಥ ಪರೀಕ್ಷೆ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

"ಕುಡಿದ್ರೆ ಏನಾಗತ್ತೆ?" ಎಂದಳು ಅಮ್ಮ.

"ಏನೂ ಆಗಲ್ಲ ಬಿಡಮ್ಮ."

ಎರಡು ವಾರಕ್ಕೆ ಅಮ್ಮನ ತೋಳಿನಲ್ಲಿ ನೀಲಿ ಕಲೆಗಳು, ಹಲ್ಲುಜ್ಜಿದರೆ ರಕ್ತ. ಅವಳು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವಳು. ಹೆದರಿ ಕೂಡಲೇ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆ ನೋಡಿದ ಡಾಕ್ಟರ್, ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದರು. ಹರ್ಬಲ್ ಏನಾದರೂ ತಗೋತಾರಾ ಎಂದೂ ಕೇಳಿದರು. ಅಮ್ಮನನ್ನು ಕೇಳದೆಯೇ ನಾನು "ನೋ" ಎಂದೆ. ಕಷಾಯ ನಮ್ಮಲ್ಲಿ ಅಡುಗೆಮನೆಯ ಬಾಬತ್ತು, ಔಷಧಿಯಲ್ಲ.

"ಚೀನಾ ಕಷಾಯ ಕುಡೀತಿದೀನಲ್ಲೇ, ಬೆಳಗ್ಗೆ ಸಾಯಂಕಾಲ," ಎಂದಳು ಅಮ್ಮ.

"ಅಯ್ಯೋ, ಯಾಕಮ್ಮ?"

"ಪಾಪ, ಪಕ್ಕದ್ಮನೆಯಾಕೆ ದಿನಾ ಕುಡಿದ್ರಾ ಅಂತ ಕೈಸನ್ನೇಲಿ ಕೇಳ್ತಾರೆ. ನೀನೇ ಹೇಳಿದ್ಯಲ್ಲ, ಏನೂ ಆಗಲ್ಲ ಅಂತ!"

ಉಪಯೋಗವಿಲ್ಲ ಎಂದು ನಾನು ಹೇಳಿದ್ದು. ಅಪಾಯವಿಲ್ಲ ಎಂದು ಅವಳು ಕೇಳಿಸಿಕೊಂಡದ್ದು. ಎರಡಕ್ಕೂ ನನ್ನ ಹತ್ತಿರ ಪುರಾವೆ ಇರಲಿಲ್ಲ. ಇದೇ ತಪ್ಪಿಗೆ ಆಫೀಸಿನಲ್ಲಿ ಹೊಸಬರ ಗ್ರಹಚಾರ ಬಿಡಿಸಿದ್ದೇನೆ.

ವಿಷಯ ತಿಳಿದ ಡಾಕ್ಟರ್, ಅದೇ ಕಾರಣ ಎಂದು ಖಚಿತವಾಗಿ ಹೇಳಲಾಗದು, ಆದರೂ ಇವತ್ತೇ ನಿಲ್ಲಿಸಿ ಎಂದರು. ಆಮೇಲೆ ಅಮ್ಮ ಏನು ಹೇಳಿದಳೆಂದು ಕೇಳಿದರು.

"ಸಮ್‌ಒನ್ ಟೋಲ್ಡ್ ಹರ್ ಇಟ್ ವಾಸ್ ಸೇಫ್," ಎಂದೆ.

"ಹೂ ಟೋಲ್ಡ್ ಹರ್?" ಎಂದರು ಡಾಕ್ಟರ್.

ಅಮ್ಮನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ನನ್ನ ಮುಂಗೈ ಮೇಲೆ ಕೈಯಿಟ್ಟು, ಹೆಮ್ಮೆಯಿಂದಲೇ ಡಾಕ್ಟರಿಗೆ ಹೇಳಿದಳು: "ಮೈ ಡಾಟರ್. ಶೀ ಈಸ್ ಎಕ್ಸ್‌ಪರ್ಟ್."